ಗುಡ್ಡ ಕುಸಿದ ದಿನ ದಾರಿಯೂ ಇಲ್ಲ, ಆಸ್ಪತ್ರೆಯೂ ಇಲ್ಲ: ಉತ್ತರ ಕನ್ನಡದವರು ಎಲ್ಲಿಗೆ ಹೋಗಬೇಕು?

ಗಂಗಾವಳಿ ದಂಡೆ
ನಮಸ್ಕಾರ. ನಾನು ಅಂಕೋಲಾ ಕಡೆಯವನು. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ, ಇಲ್ಲಿ ಕೇಳುತ್ತಿದ್ದೇನೆ.

2024ರ ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಂತು. ರಸ್ತೆ ಪಕ್ಕದ ಚಹಾ ಅಂಗಡಿ, ನಿಲ್ಲಿಸಿದ್ದ ಲಾರಿ, ಗ್ಯಾಸ್ ಟ್ಯಾಂಕರ್ ಎಲ್ಲ ಗಂಗಾವಳಿಗೆ ಬಿದ್ದವು. ಆಚೆ ದಂಡೆಯ ಉಳುವರೆಯಲ್ಲಿ ನದಿಯ ನೀರೇ ಎದ್ದು ಬಂದು ಮನೆಗಳನ್ನು ಕೆಡವಿತು. ಇದನ್ನೆಲ್ಲ ನೀವು ಟಿವಿಯಲ್ಲಿ ನೋಡಿದ್ದೀರಿ.

ಅದೇ ವಾರ ನಮ್ಮ ಅಪ್ಪನಿಗೆ ಸ್ಟ್ರೋಕ್ ಆಯಿತು. ಬೆಳಗಿನ ಜಾವ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಬಲಗೈ ಹಾಸಿಗೆ ಮೇಲೆ ಹಾಗೇ ಬಿದ್ದಿತ್ತು. ಹತ್ತಿರದ ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದ ಡಾಕ್ಟರು ನೋಡಿ, ಇಲ್ಲಿ ಆಗಲ್ಲ, ಮುಂದೆ ಕರೆದುಕೊಂಡು ಹೋಗಿ ಎಂದರು. ನಮ್ಮ ಕಡೆ "ಮುಂದೆ" ಅಂದರೆ ಮಣಿಪಾಲ ಅಥವಾ ಮಂಗಳೂರು. ಆ ವಾರ ಆ ದಾರಿ ಮೇಲೆ ಗುಡ್ಡ ಬಿದ್ದಿತ್ತು. ಹಾಗಾಗಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೊರಟೆವು. ಮಳೆ ಎಷ್ಟು ಜೋರಿತ್ತು ಅಂದರೆ ಎದುರಿನ ಲಾರಿಯ ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಾನು ಹಿಂದೆ ಕೂತು ಡ್ರಿಪ್ ಬಾಟಲಿ ಹಿಡಿದುಕೊಂಡಿದ್ದೆ. ಆಕ್ಸಿಜನ್ ಸಿಲಿಂಡರಿನ ಮುಳ್ಳು ಕೆಂಪು ಗೆರೆ ಹತ್ತಿರ ಬರುತ್ತಿತ್ತು. ಪ್ರತಿ ತಿರುವಿನಲ್ಲೂ ಅದನ್ನೇ ನೋಡುತ್ತಿದ್ದೆ. ಡ್ರೈವರ್ ಅಣ್ಣ ಫೋನಿನಲ್ಲಿ ಒಂದಾದ ಮೇಲೆ ಒಂದು ಆಸ್ಪತ್ರೆಗೆ "ಬೆಡ್ ಉಂಟಾ, ಬೆಡ್ ಉಂಟಾ" ಎಂದು ಕೇಳುತ್ತಲೇ ಗಾಡಿ ಓಡಿಸಿದರು.

ಅಪ್ಪ ಉಳಿದರು. ಬಲಗೈ ಮಾತ್ರ ಇವತ್ತಿಗೂ ಸರಿ ಬಂದಿಲ್ಲ.

ನನ್ನ ಪ್ರಶ್ನೆ ಇಷ್ಟು. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆಗೆ ಇರುವ ಔಷಧಿ ಅಂದರೆ ಬೇರೆ ಜಿಲ್ಲೆಗೆ ಹೋಗುವ ರಸ್ತೆ. ಮಳೆಗಾಲದ ವಿಪತ್ತು ಮೊದಲು ತೆಗೆದುಕೊಂಡು ಹೋಗುವುದೂ ಅದೇ ರಸ್ತೆಯನ್ನೇ. ಹಾಗಿದ್ದರೆ ಆ ದಿನ ಶಿರೂರಿನಲ್ಲಿ ನಲವತ್ತು ಐವತ್ತು ಜನ ಗಾಯಗೊಂಡಿದ್ದರೆ ಎಲ್ಲಿಗೆ ಒಯ್ಯುತ್ತಿದ್ದೆವು? ಯಾರಾದರೂ ಇದನ್ನು ಯೋಚಿಸಿದ್ದಾರಾ?

ಶರಾವತಿ ಪೋರ
ಶಿರೂರು ಅಂದ ಕೂಡಲೇ ಹೊನ್ನಾವರದ ನಮಗೆ ನೆನಪಾಗುವುದು ಇನ್ನೊಂದು ಶಿರೂರು. 2022ರ ಜುಲೈ 20. ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆ ಒಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ಟೋಲ್ ಗೇಟಿಗೆ ಬಡಿಯಿತು. ನಾಲ್ಕು ಜನ ಹೋದರು. ಆ ವಿಡಿಯೊ ನಾನು ಒಂದೇ ಸಲ ನೋಡಿದ್ದು, ಮತ್ತೆ ನೋಡಲು ಧೈರ್ಯ ಬರಲಿಲ್ಲ. ಆಮೇಲೆ ಊರಿಗೆ ಊರೇ ಆಸ್ಪತ್ರೆ ಬೇಕು ಎಂದು ಎದ್ದು ನಿಂತಿತು. ಆಸ್ಪತ್ರೆ ಇಲ್ಲದಿದ್ದರೆ ವೋಟೂ ಇಲ್ಲ ಎಂದು ಬೋರ್ಡ್ ಬರೆದೆವು. ಸರ್ಕಾರದಿಂದ ಭರವಸೆಯೂ ಬಂತು. ಚುನಾವಣೆ ಆಯಿತು, ಸರ್ಕಾರ ಬದಲಾಯಿತು. ನಮ್ಮವರು ಈಗಲೂ ಅದೇ ದಾರಿಯಲ್ಲೇ ಓಡುತ್ತಿದ್ದಾರೆ.

ಮಲೆನಾಡ ಮಳೆ
ಒಂದು ನಿಮಿಷ, ಎರಡು ಶಿರೂರು ಇವೆಯಾ? ನಾನು ಒಂದೇ ಎಂದುಕೊಂಡಿದ್ದೆ.

ಶರಾವತಿ ಪೋರ
ಎರಡು. ಗುಡ್ಡ ಕುಸಿದದ್ದು ಅಂಕೋಲಾ ತಾಲೂಕಿನ ಶಿರೂರು. ಟೋಲ್ ಗೇಟ್ ಇರುವುದು ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಶಿರೂರು. ಎರಡೂ ಹೆದ್ದಾರಿ 66ರ ಮೇಲೆಯೇ ಇವೆ. ಎರಡೂ ಕಡೆ ಜುಲೈ ಮಳೆಯಲ್ಲೇ ಆದದ್ದು.

ಕಾಳಿ ಕಣಿವೆ
ಪೋಸ್ಟ್ ಹಾಕಿದವರು ದಕ್ಷಿಣದ ದಾರಿ ಮಾತ್ರ ಹೇಳಿದರು. ಉತ್ತರದ್ದನ್ನೂ ಸೇರಿಸಿ. ಶಿರೂರು ಕುಸಿದು ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಹಳೆಯ ಕಾಳಿ ಸೇತುವೆ ಮುರಿದು ಬಿತ್ತು. ಲಾರಿ ನದಿಗೆ ಹೋಯಿತು. ಡ್ರೈವರ್ ಬದುಕಿದ್ದು ಪುಣ್ಯ. ಪಕ್ಕದಲ್ಲಿ ಹೊಸ ಸೇತುವೆ ಇದ್ದ ಕಾರಣ ಗೋವಾ ದಾರಿ ಉಳಿಯಿತು. ಅದೊಂದು ಇಲ್ಲದಿದ್ದರೆ ಒಂದೇ ತಿಂಗಳಲ್ಲಿ ಕಾರವಾರಕ್ಕೆ ಮಂಗಳೂರೂ ದೂರ, ಗೋವಾವೂ ದೂರ.

ಗೋವಾ ಅಂದರೆ ಬಾಂಬೋಳಿಯ ಮೆಡಿಕಲ್ ಕಾಲೇಜು. ಸದಾಶಿವಗಡ, ಮಾಜಾಳಿ ಜನ ತಲೆತಲಾಂತರದಿಂದ ಅಲ್ಲಿಗೇ ಹೋಗುವವರು. 2018ರಿಂದ ಹೊರರಾಜ್ಯದವರಿಗೆ ಅಲ್ಲಿ ಶುಲ್ಕ ಇಟ್ಟರು. ಅವರ ಆಸ್ಪತ್ರೆಯಲ್ಲಿ ಅವರ ಜನರಿಗೇ ಬೆಡ್ ಸಾಲದಿದ್ದರೆ ಅವರಾದರೂ ಏನು ಮಾಡುತ್ತಾರೆ? ಕೊರೊನಾ ಕಾಲದಲ್ಲಿ ಗಡಿಯೇ ಮುಚ್ಚಿತ್ತು.

ಶಿರಸಿ ಅಡಿಕೆ
ಎಲ್ಲರೂ ಕರಾವಳಿಯದ್ದೇ ಹೇಳುತ್ತಿದ್ದೀರಿ. ಘಟ್ಟದ ಮೇಲೂ ಜನ ಇದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ ಎಲ್ಲಿಗೆ ಹೋಗಬೇಕು? ಕುಮಟಾದಲ್ಲಿ ಆಸ್ಪತ್ರೆ ಕಟ್ಟಿದರೆ ದೇವಿಮನೆ ಘಟ್ಟದಲ್ಲಿ ಮಣ್ಣು ಜಾರಿದ ದಿನ ನಮಗೆ ಅದು ಇದ್ದೂ ಇಲ್ಲದ ಹಾಗೆ. ನಮಗೆ ಹುಬ್ಬಳ್ಳಿಯೇ ಗತಿ. ದೊಡ್ಡ ಆಸ್ಪತ್ರೆ ಶಿರಸಿಯಲ್ಲೇ ಆಗಬೇಕು.

ಕುಮಟಾ ಕೆಳಗಿನಪೇಟೆ
ಇದೇ ನೋಡಿ ನಮ್ಮ ಜಿಲ್ಲೆಯ ಹಣೆಬರಹ. ಕಾರವಾರದವರು ಕಾರವಾರಕ್ಕೆ ಎನ್ನುತ್ತಾರೆ, ನಾವು ಕುಮಟಾಕ್ಕೆ ಎನ್ನುತ್ತೇವೆ, ನೀವು ಶಿರಸಿಗೆ ಎನ್ನುತ್ತೀರಿ. ಕುಮಟಾ ನಡುವಿನ ಊರು. ಹೆದ್ದಾರಿ ಇದೆ, ರೈಲು ಇದೆ.

ಶಿರಸಿ ಅಡಿಕೆ
ಯಾವುದಕ್ಕೆ ನಡು? ಕರಾವಳಿಯ ಐದು ತಾಲೂಕಿಗೆ ನಡು. ಜಿಲ್ಲೆಯಲ್ಲಿ ಇರುವುದು ಹನ್ನೆರಡು ತಾಲೂಕು. ಜೋಯಿಡಾದ ಹಳ್ಳಿಯೊಂದರಿಂದ ಕುಮಟಾಕ್ಕೆ ಎಷ್ಟು ಹೊತ್ತು ಬೇಕು ಎಂದು ಒಮ್ಮೆ ಹೋಗಿ ನೋಡಿ, ಆಮೇಲೆ ನಡು ಅನ್ನಿ.

ಲೆಕ್ಕ ಪಕ್ಕಾ
ಜಗಳ ಆಡುವ ಮೊದಲು ಅಳತೆ ನೋಡೋಣ. ಜಿಲ್ಲೆಯ ವಿಸ್ತೀರ್ಣ 10,291 ಚದರ ಕಿ.ಮೀ. 2011ರ ಜನಗಣತಿಯಲ್ಲಿ ಜನ 14.37 ಲಕ್ಷ. ಅಂದರೆ ಚದರ ಕಿಲೋಮೀಟರಿಗೆ ಸುಮಾರು 140 ಜನ, ಅದೂ ಕಾಡು, ಘಟ್ಟ, ಹೊಳೆಗಳ ನಡುವೆ ಚದುರಿ ಹೋಗಿರುವವರು. ಖಾಸಗಿಯವರು ದೊಡ್ಡ ಆಸ್ಪತ್ರೆ ಹಾಕದೇ ಇರುವುದಕ್ಕೆ ಕಾರಣ ಇದೇ. ಬೆಡ್ ತುಂಬುವ ಗ್ಯಾರಂಟಿ ಇಲ್ಲದ ಕಡೆ ಅವರು ಬರುವುದಿಲ್ಲ. ಆದರೆ ವಿಪತ್ತಿಗೆ ಬೇಕಾದದ್ದು ಖಾಲಿ ಇರುವ ಬೆಡ್. ಇವತ್ತು ಖಾಲಿ, ನಾಳೆ ಬೇಕಾದರೆ ಇದೆ ಅನ್ನುವ ಬೆಡ್. ಅದರಿಂದ ಲಾಭ ಬರುವುದಿಲ್ಲ, ಹಾಗಾಗಿ ಅದನ್ನು ಸರ್ಕಾರವೇ ಮಾಡಬೇಕು. ಸರ್ಕಾರದವರೂ "ಬೆಡ್ ಎಷ್ಟು ತುಂಬಿದೆ" ಎಂದೇ ಲೆಕ್ಕ ಕೇಳುತ್ತಾ ಕೂತರೆ ಆಯಿತು.

2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಸಾವಿರ ಜನಕ್ಕೆ ಎರಡು ಬೆಡ್ ಇರಬೇಕು ಎಂದು ಇದೆ. ಆ ಲೆಕ್ಕದಲ್ಲಿ ನಮ್ಮ ಜಿಲ್ಲೆಗೆ ಸುಮಾರು 2,900 ಬೆಡ್ ಬೇಕು. ನಿಮ್ಮ ತಾಲೂಕು ಆಸ್ಪತ್ರೆಯ ಬೋರ್ಡ್ ಮೇಲೆ ಎಷ್ಟು ಬರೆದಿದ್ದಾರೆ ನೋಡಿ, ಕೂಡಿಸಿ.

ರಾತ್ರಿ ಪಾಳಿ
ನಾನು ಡಾಕ್ಟರ್. ಎಂಬಿಬಿಎಸ್ ಮುಗಿಸಿ ಕಡ್ಡಾಯ ಗ್ರಾಮೀಣ ಸೇವೆಯನ್ನು ಕರಾವಳಿಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಮಾಡಿದವಳು. ಬೆಡ್ ಎಣಿಸುವುದನ್ನು ಸ್ವಲ್ಪ ಬದಿಗಿಡಿ ಎಂದು ಕೇಳಿಕೊಳ್ಳುತ್ತೇನೆ. ಬೆಡ್ ಅಂದರೆ ಕಬ್ಬಿಣದ ಮಂಚ ಅಲ್ಲ. ಅದರ ಪಕ್ಕ ಯಾರು ನಿಂತಿದ್ದಾರೆ ಅನ್ನುವುದೇ ಬೆಡ್.

ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಜುಲೈ ತಿಂಗಳು. ವಾರ್ಡ್ ಮೊದಲೇ ತುಂಬಿತ್ತು. ಡೆಂಗಿ, ಇಲಿಜ್ವರ, ಹಾವು ಕಚ್ಚಿದವರು, ದಮ್ಮು ಹೆಚ್ಚಾದ ಅಜ್ಜ ಅಜ್ಜಿಯರು. ನೆಲದ ಮೇಲೂ ಚಾಪೆ ಹಾಸಿದ್ದೆವು. ಆಗ ಮದುವೆ ಮುಗಿಸಿ ಬರುತ್ತಿದ್ದ ಟೆಂಪೊ ಪಲ್ಟಿಯಾಗಿ 14 ಜನ ಒಟ್ಟಿಗೆ ಬಂದರು. ನಾನೊಬ್ಬಳು, ಇಬ್ಬರು ನರ್ಸ್, ಒಬ್ಬ ಅಟೆಂಡರ್. ಯಾರನ್ನು ಮೊದಲು ನೋಡಬೇಕು ಎಂದು ಗುರುತು ಮಾಡಲು ಕೆಂಪು, ಹಳದಿ, ಹಸಿರು ಟ್ಯಾಗ್ ಇರಬೇಕು ಎಂದು ಓದಿದ್ದೆ. ಅಲ್ಲಿ ಟ್ಯಾಗ್ ಇರಲಿಲ್ಲ. ಸಿಸ್ಟರ್ ಒಬ್ಬರು ಪ್ಲಾಸ್ಟರ್ ಹರಿದು ಹರಿದು ಕೊಟ್ಟರು. ನಾನು ಒಬ್ಬೊಬ್ಬರ ಹಣೆಗೆ ಅಂಟಿಸಿ ಪೆನ್ನಿನಲ್ಲಿ 1, 2, 3 ಎಂದು ಬರೆದೆ. ರಕ್ತಕ್ಕೆ ಒದ್ದೆಯಾಗಿ ಎರಡು ಸಲ ಪ್ಲಾಸ್ಟರ್ ಕಿತ್ತು ಬಂತು.

ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದ ಒಬ್ಬ ಹುಡುಗನಿಗೆ ಆಪರೇಷನ್ ಬೇಕಿತ್ತು. ಸರ್ಜನ್ ಇದ್ದರು, ಅರವಳಿಕೆ ಡಾಕ್ಟರ್ ಇರಲಿಲ್ಲ. ಆಂಬುಲೆನ್ಸ್ ಕೇಳಿದರೆ ಅದು ಸಂಜೆಯೇ ಬೇರೆ ರೋಗಿಯನ್ನು ಕರೆದುಕೊಂಡು ಮಣಿಪಾಲಕ್ಕೆ ಹೋಗಿತ್ತು, ನಡುರಾತ್ರಿ ಕಳೆದ ಮೇಲೆ ಬರುವುದು. ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಒಬ್ಬ ರೋಗಿಯನ್ನು ದೂರ ಕಳಿಸಿದರೆ ಅವನ ಜೊತೆ ಗಾಡಿಯೂ ಹೋಗುತ್ತದೆ, ಒಬ್ಬ ನರ್ಸೂ ಹೋಗುತ್ತಾರೆ. ಊರಲ್ಲಿ ಉಳಿದವರಿಗೆ ಐದಾರು ಗಂಟೆ ಏನೂ ಇಲ್ಲ. ಕೊನೆಗೆ ಒಬ್ಬರ ಮೀನಿನ ಪಿಕಪ್ ಗಾಡಿಯಲ್ಲಿ ಹಾಸಿಗೆ ಹಾಸಿ ಕಳಿಸಿದೆವು.

ಆದ್ದರಿಂದ ನನ್ನ ಮಾತು ಇದು: ಒಂದು ದೊಡ್ಡ ಆಸ್ಪತ್ರೆ ಎಲ್ಲಿ ಎಂಬ ಜಗಳಕ್ಕಿಂತ ಮೊದಲು ಪ್ರತಿ ತಾಲೂಕಿಗೆ ಇಬ್ಬರು ಅರವಳಿಕೆ ಡಾಕ್ಟರ್, ಕೆಲಸ ಮಾಡುವ ಸಿಟಿ ಸ್ಕ್ಯಾನ್, ರಕ್ತ ಇಡುವ ಫ್ರಿಜ್, ಒಂದು ಹೆಚ್ಚುವರಿ ಆಂಬುಲೆನ್ಸ್ ಕೇಳಿ. ಪೋಸ್ಟ್ ಹಾಕಿದವರ ಅಪ್ಪನ ವಿಷಯವೂ ಅದೇ. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕ್ ಆಗಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಅನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮೊದಲು ಸ್ಕ್ಯಾನ್ ಆಗಲೇಬೇಕು. ಹತ್ತಿರದಲ್ಲಿ ಸ್ಕ್ಯಾನ್ ಇದ್ದು, ಓದಿ ಹೇಳುವವರು ಫೋನಿನಲ್ಲಿ ಸಿಕ್ಕಿದರೂ ಸಾಕಿತ್ತು.

ಗಂಗಾವಳಿ ದಂಡೆ
ಡಾಕ್ಟರ್, ಇದು ನನಗೆ ಗೊತ್ತಿರಲಿಲ್ಲ. ನಾವು ಹುಬ್ಬಳ್ಳಿ ಮುಟ್ಟಿದಾಗ ಬೆಳಿಗ್ಗೆ ಒಂಬತ್ತು ದಾಟಿತ್ತು. ಆ ಹುಡುಗ ಉಳಿದನಾ?

ರಾತ್ರಿ ಪಾಳಿ
ಉಳಿದ. ಅವನ ಅಮ್ಮ ದೀಪಾವಳಿಗೆ ಚಕ್ಕುಲಿ ತಂದು ಕೊಟ್ಟರು.

ಸಿಲ್ಕ್ ಬೋರ್ಡ್ ಸಿಗ್ನಲ್
ಬೆಂಗಳೂರಿನಲ್ಲಿದ್ದೇನೆ, ಊರು ಭಟ್ಕಳ. ರಸ್ತೆ ಬಂದ್ ಆದರೆ ಹೆಲಿಕಾಪ್ಟರ್ ಇದೆಯಲ್ಲ? ಕಾರವಾರದಲ್ಲಿ ನೌಕಾನೆಲೆಯೇ ಇದೆ. ಏರ್ ಆಂಬುಲೆನ್ಸ್ ಒಪ್ಪಂದ ಮಾಡಿಕೊಂಡರೆ ಗಂಟೆ ಹೊತ್ತಿನಲ್ಲಿ ಮಂಗಳೂರು.

ಕಾಳಿ ಕಣಿವೆ
ಜುಲೈಯಲ್ಲಿ ಕಾರವಾರಕ್ಕೆ ಬಂದು ಆಕಾಶ ನೋಡಿ. ಮೋಡ ಗುಡ್ಡದ ಸೊಂಟಕ್ಕೆ ಬಂದು ಕೂತಿರುತ್ತದೆ. ಗುಡ್ಡ ಕುಸಿಯುವ ಮಳೆಯಲ್ಲೇ ಹೆಲಿಕಾಪ್ಟರ್ ಹಾರುವುದು ಕಷ್ಟ.

ಆದರೆ ನೌಕಾಪಡೆ ವಿಷಯದಲ್ಲಿ ನಿಮ್ಮ ಮಾತಿಗೆ ಅರ್ಥ ಇದೆ. 2020ರ ಏಪ್ರಿಲ್‌ನಲ್ಲಿ ನಿಮ್ಮ ಭಟ್ಕಳದ ಕೊರೊನಾ ರೋಗಿಗಳನ್ನು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲೇ ನೋಡಿಕೊಂಡರು, ಗುಣವಾಗಿ ಮನೆಗೆ ಬಂದರು. ಕಷ್ಟಕಾಲದಲ್ಲಿ ಬಾಗಿಲು ತೆರೆದರು. ಆ ವ್ಯವಸ್ಥೆಯನ್ನು ಕಾಗದದ ಮೇಲೆ ಕಾಯಂ ಮಾಡಿಕೊಳ್ಳಬೇಕು. ಪ್ರತಿ ಸಲ ಯಾರೋ ಯಾರಿಗೋ ಫೋನ್ ಮಾಡಿ ಕೇಳುವ ಹಾಗೆ ಆಗಬಾರದು.

ಅರಬೈಲ್ ತಿರುವು
ಯಲ್ಲಾಪುರದಿಂದ. "ನಲವತ್ತು ಜನ ಗಾಯಗೊಂಡಿದ್ದರೆ" ಎಂದು ಊಹಿಸುವ ಅಗತ್ಯ ನಮಗಿಲ್ಲ, ಕಣ್ಣಾರೆ ಕಂಡಿದ್ದೇವೆ. 2025ರ ಜನವರಿ 22, ಬೆಳಗಿನ ಜಾವ. ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಹೊತ್ತು ಬರುತ್ತಿದ್ದ ಲಾರಿ ಗುಳ್ಳಾಪುರ ಹತ್ತಿರ ಕಂದಕಕ್ಕೆ ಬಿತ್ತು. ಸರಕಿನ ಮೇಲೆ ಕೂತಿದ್ದ ಬಡ ವ್ಯಾಪಾರಿಗಳು. ಹತ್ತು ಜನ ಸತ್ತರು. ಗಾಯಾಳುಗಳನ್ನು ಹುಬ್ಬಳ್ಳಿಗೆ ಸಾಗಿಸಬೇಕಾಯಿತು. ಅವತ್ತು ಮಳೆ ಇರಲಿಲ್ಲ, ರಸ್ತೆ ತೆರೆದಿತ್ತು. ಅಷ್ಟಿದ್ದೂ ಹೀಗೆ. ಅದೇ ಅಪಘಾತ ಜುಲೈಯಲ್ಲಿ ಆಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಮೈ ಜುಮ್ ಎನ್ನುತ್ತದೆ.

ಮಲ್ಲಾಪುರ ಮನೆ
ಕೈಗಾ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? ನಾವು ಕದ್ರಾ ಅಣೆಕಟ್ಟೆಯ ಕೆಳಗೆ, ಅಣುಸ್ಥಾವರದ ಪಕ್ಕ ಬದುಕುತ್ತಿರುವವರು. 220 ಮೆಗಾವ್ಯಾಟಿನ ನಾಲ್ಕು ಘಟಕ ಇವೆ. ಇನ್ನೂ ಎರಡು ಬರುತ್ತಿವೆ, ಒಂದೊಂದು 700 ಮೆಗಾವ್ಯಾಟ್. ಸ್ಥಾವರದ ಸುತ್ತ 16 ಕಿ.ಮೀ. ಒಳಗಿನವರಿಗೆ ತುರ್ತು ಯೋಜನೆ ಇದೆ, ಅಣಕು ಕಾರ್ಯಾಚರಣೆಯೂ ಆಗುತ್ತದೆ. ಟೌನ್‌ಶಿಪ್‌ನಲ್ಲಿ ಅವರ ಆಸ್ಪತ್ರೆಯೂ ಇದೆ. ಇಲ್ಲ ಎನ್ನುವುದಿಲ್ಲ. ಆದರೆ 2019ರಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಹಳ್ಳಿಗಳು ಮುಳುಗಿದವು. ರಸ್ತೆ ಮೇಲೆ ದೋಣಿ ಓಡಿತು. ಅಂಥ ದಿನವೇ ಜನರನ್ನು ಸಾಗಿಸಬೇಕಾಗಿ ಬಂದರೆ ಯಾವ ರಸ್ತೆ, ಯಾವ ಆಸ್ಪತ್ರೆ?

ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟೆಗಳು, ಕೈಗಾ, ಸೀಬರ್ಡ್ ನೌಕಾನೆಲೆ, ಎಲ್ಲಕ್ಕೂ ಜಾಗ ಕೊಟ್ಟ ಜಿಲ್ಲೆ ಇದು. ದೇಶಕ್ಕೆ ಕರೆಂಟು ಕೊಟ್ಟಿದ್ದೇವೆ. ಒಂದು ಒಳ್ಳೆಯ ಆಸ್ಪತ್ರೆ ಕೇಳಿದರೆ ಅದು ಜಾಸ್ತಿ ಆಯಿತಾ?

ಚಿತ್ರಾಪುರ
ಸತ್ಯವಾದ ಮಾತು.

ಲೆಕ್ಕ ಪಕ್ಕಾ
ಇದರ ಜೊತೆ ಶಿರೂರಿನ ಗ್ಯಾಸ್ ಟ್ಯಾಂಕರ್ ನೆನಪಿಡಿ. ನದಿಯಲ್ಲಿ ತೇಲಿ ಹೋದ ಅದನ್ನು ಹಿಡಿದು, ಸುತ್ತಲಿನ ಜನರನ್ನು ಖಾಲಿ ಮಾಡಿಸಿ, ಗ್ಯಾಸ್ ಹೊರಗೆ ಬಿಡಬೇಕಾಯಿತು. ಅದಕ್ಕೆ ಬೆಂಕಿ ಹತ್ತಿದ್ದರೆ? ಸುಟ್ಟಗಾಯದವರಿಗೆ ಬೇರೆಯೇ ವಾರ್ಡ್ ಬೇಕು, ವಾರಗಟ್ಟಲೆ ಆರೈಕೆ ಬೇಕು.

ಹೆದ್ದಾರಿ ನೋವು
ಗುಡ್ಡವನ್ನು ನೆಟ್ಟಗೆ ಗೋಡೆ ಹಾಗೆ ಕಡಿದು ಹೆದ್ದಾರಿ ಅಗಲ ಮಾಡಿದವರನ್ನು ಮೊದಲು ಕೇಳಿ. ಆಸ್ಪತ್ರೆ ಆಮೇಲೆ. ಗುಡ್ಡ ಕಡಿಯದಿದ್ದರೆ ಯಾಕೆ ಬೀಳುತ್ತಿತ್ತು? ಟೋಲ್ ಮಾತ್ರ ಸರಿಯಾಗಿ ವಸೂಲಿ ಆಗುತ್ತಿದೆ.

ಕುಮಟಾ ಕೆಳಗಿನಪೇಟೆ
ಅದು ದೊಡ್ಡ ವಿಷಯ, ಒಪ್ಪುತ್ತೇನೆ. ಆದರೆ ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣ. ಇಲ್ಲಿ ಆಸ್ಪತ್ರೆಯ ಮಾತು ತಪ್ಪಿ ಹೋಗುವುದು ಬೇಡ.

ಚಂದ್ರಗಿರಿ ಕನ್ನಡತಿ
ಕಾಸರಗೋಡಿನಿಂದ ಬರೆಯುತ್ತಿದ್ದೇನೆ. ಪಕ್ಕದ ಊರಿನ ಆಸ್ಪತ್ರೆಯನ್ನೇ ನೆಚ್ಚಿ ಕೂತರೆ ಏನಾಗುತ್ತದೆ ಎಂದು ನಮ್ಮನ್ನು ಕೇಳಿ. ಕಾಸರಗೋಡಿನವರಿಗೆ ಮಂಗಳೂರೇ ಆಸ್ಪತ್ರೆ. ಹೆರಿಗೆಗೆ, ಡಯಾಲಿಸಿಸ್‌ಗೆ, ಹೃದಯಕ್ಕೆ, ಎಲ್ಲಕ್ಕೂ. ಗಡಿ ದಾಟಿದರೆ ಮಂಗಳೂರು, ಅಷ್ಟು ಹತ್ತಿರ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಬಂದ್ ಮಾಡಿದರು. ಒಳದಾರಿಗಳಿಗೆ ಮಣ್ಣು ಸುರಿದರು. ಆಂಬುಲೆನ್ಸ್‌ಗಳು ಗಡಿಯಿಂದ ವಾಪಸ್ ಬಂದವು. ಚಿಕಿತ್ಸೆ ಸಿಗದೆ ಜನ ಸತ್ತರು. ವಿಷಯ ಕೇರಳ ಹೈಕೋರ್ಟ್, ಆಮೇಲೆ ಸುಪ್ರೀಂ ಕೋರ್ಟ್ ತನಕ ಹೋಯಿತು. ಅಷ್ಟರಲ್ಲಿ ಹೋದವರು ಹೋದರು.

ನಮ್ಮ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು. ಏಳು ವರ್ಷ ಅರ್ಧಂಬರ್ಧ ನಿಂತಿತ್ತು. ಗಡಿ ಮುಚ್ಚಿದ ಮೇಲೆ ಕೆಲವೇ ದಿನದಲ್ಲಿ ಅದೇ ಕಟ್ಟಡದಲ್ಲಿ ಕೊರೊನಾ ಆಸ್ಪತ್ರೆ ತೆರೆದರು. ಮನಸ್ಸು ಮಾಡಿದರೆ ಆಗುತ್ತದೆ ಎಂದು ಅವತ್ತು ಕಂಡೆವು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ. ನಮಗೆ ಗಡಿ ಮುಚ್ಚಿತು, ನಿಮಗೆ ಗುಡ್ಡ ಮುಚ್ಚಿತು. ಎರಡೂ ಒಂದೇ ಅಲ್ವಾ?

ಜೋಡುಪಾಲ
ಕೊಡಗಿನಲ್ಲೂ ಇದೇ ಕಥೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿ ಮಡಿಕೇರಿ ಮಂಗಳೂರು ರಸ್ತೆ ಹೋಯಿತು. ಸಂಪಾಜೆ ಕಡೆಯ ನಮಗೆ ಮಡಿಕೇರಿಯೇ ಪರದೇಶ ಆಗಿಬಿಟ್ಟಿತು. ಮುಂದಿನ ವರ್ಷ ಕೊಡಗಿಗೆ ತುರ್ತು ಚಿಕಿತ್ಸೆ ಆಸ್ಪತ್ರೆ ಬೇಕು ಎಂದು ಟ್ವಿಟರ್‌ನಲ್ಲಿ ಎಲ್ಲರೂ ಬರೆದರು, ಸಿನಿಮಾದವರೂ ಬೆಂಬಲಿಸಿದರು. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಇದೆ. ಆದರೂ ತಲೆಗೆ ಪೆಟ್ಟು ಬಿದ್ದರೆ, ಹೃದಯ ಕೈಕೊಟ್ಟರೆ ಮನೆಯವರ ಬಾಯಲ್ಲಿ ಮೊದಲು ಬರುವುದು ಮೈಸೂರು.

ಶಿರಸಿ ಅಡಿಕೆ
ವಯನಾಡಿನ ಗುಡ್ಡ ಕುಸಿತದ್ದೂ ಹೇಳಿ ಯಾರಾದರೂ. 2024ರ ಜುಲೈ 30. ನಮ್ಮ ಶಿರೂರು ಆಗಿ ಎರಡೇ ವಾರಕ್ಕೆ.

ಚಂದ್ರಗಿರಿ ಕನ್ನಡತಿ
ಮುಂಡಕ್ಕೈ, ಚೂರಲ್‌ಮಲ. ಅಲ್ಲಿ ಒಂದು ವಿಷಯ ಗಮನಿಸಿ. ಹತ್ತಿರದ ಮೇಪ್ಪಾಡಿಯಲ್ಲೇ ಒಂದು ಖಾಸಗಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇತ್ತು. ಅದೇ ರಾತ್ರಿ ಗಾಯಾಳುಗಳನ್ನು ಅಲ್ಲಿಗೆ ಒಯ್ದರು. ಅದು ಇಲ್ಲದಿದ್ದರೆ ತಾಮರಶ್ಶೇರಿ ಘಟ್ಟ ಇಳಿದು ಕೋಯಿಕ್ಕೋಡಿಗೆ ಹೋಗಬೇಕಿತ್ತು, ಆ ಮಳೆಯಲ್ಲಿ. ದೇಹಗಳು ಚಾಲಿಯಾರ್ ಹೊಳೆಯಲ್ಲಿ ನಿಲಂಬೂರಿಗೆ ತೇಲಿ ಹೋದವು. ಅಲ್ಲಿನ ಆಸ್ಪತ್ರೆಯಲ್ಲಿ ಪೋಸ್ಟ್ ಮಾರ್ಟಂ ಮಾಡಿದರು. ಶವಾಗಾರವೂ ತಯಾರಿಯ ಒಂದು ಭಾಗ. ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಹೊಳೆ ದಾಟಲು ತಾತ್ಕಾಲಿಕ ಬೈಲಿ ಸೇತುವೆ ಕಟ್ಟಿದ್ದು ನಿಮ್ಮ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು. 190 ಅಡಿ. ಆಗಸ್ಟ್ 1ಕ್ಕೆ ಮುಗಿಸಿದರು. ಅವರಿಗೆ ಕೈ ಮುಗಿಯಬೇಕು. ಆದರೆ ಸೇತುವೆ ಬರುವ ತನಕದ ಎರಡು ದಿನ ಗಾಯಾಳು ಕಾಯುವುದಿಲ್ಲವಲ್ಲ.

ಬಿಳಿಗಿರಿ
ಚಾಮರಾಜನಗರದವನು. ನಮ್ಮಲ್ಲಿ ಗುಡ್ಡವೂ ಕುಸಿಯಲಿಲ್ಲ, ಹೊಳೆಯೂ ಬರಲಿಲ್ಲ. 2021ರ ಮೇ 2ರ ರಾತ್ರಿ ಮೈಸೂರಿನಿಂದ ಬರಬೇಕಾದ ಆಕ್ಸಿಜನ್ ಸಮಯಕ್ಕೆ ಬರಲಿಲ್ಲ. 24 ಜನ. ರಸ್ತೆ ಸರಿಯಾಗಿಯೇ ಇತ್ತು. ಬೇರೆ ಜಿಲ್ಲೆಯನ್ನು ನಂಬಿದರೆ ಒಂದು ಫೋನ್ ಕರೆ ತಡವಾದರೂ ಸಾಕು. ಇದಕ್ಕಿಂತ ಜಾಸ್ತಿ ಬರೆಯಲು ನನ್ನಿಂದ ಆಗುವುದಿಲ್ಲ, ಕ್ಷಮಿಸಿ.

ರಾತ್ರಿ ಪಾಳಿ
ಬಿಳಿಗಿರಿಯವರೇ, ನೀವು ಇಷ್ಟು ಬರೆದದ್ದೇ ದೊಡ್ಡದು. ಅದಾದ ಮೇಲೆ ಆಸ್ಪತ್ರೆಗಳಲ್ಲಿ ಆಕ್ಸಿಜನ್ ಘಟಕ ಹಾಕಿದರು. ಈಗ ನೋಡಬೇಕಾದದ್ದು ಅವು ಓಡುತ್ತಿವೆಯಾ ಎಂದು. ಫಿಲ್ಟರ್ ಬದಲಿಸುವವರು, ಕರೆಂಟ್ ಹೋದರೆ ಜನರೇಟರಿಗೆ ಡೀಸೆಲ್ ಹಾಕುವವರು ಇದ್ದಾರಾ? ನಾನು ಕೆಲಸ ಮಾಡಿದ ಕಡೆ ಘಟಕ ಇತ್ತು, ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂದು ರಾತ್ರಿ ಹೊತ್ತು ಯಾರಿಗೂ ಗೊತ್ತಿರಲಿಲ್ಲ.

ಕೊಂಕಣ ರೈಲು ಪ್ರೇಮಿ
ಎಲ್ಲರೂ ರಸ್ತೆ ರಸ್ತೆ ಎನ್ನುತ್ತಿದ್ದೀರಿ. ಶಿರೂರಿನಲ್ಲಿ ರಸ್ತೆ ಮುಚ್ಚಿದ್ದಾಗ ನಮ್ಮ ಕಡೆ ರೈಲು ಓಡುತ್ತಿತ್ತು. ನನ್ನ ಚಿಕ್ಕಮ್ಮನಿಗೆ ಆಗ ಮಣಿಪಾಲದಲ್ಲಿ ಕೀಮೋ ನಡೆಯುತ್ತಿತ್ತು. ಅಂಕೋಲಾದಲ್ಲಿ ಹತ್ತಿಸಿ ಉಡುಪಿಯ ಇಂದ್ರಾಳಿಯಲ್ಲಿ ಇಳಿಸಿಕೊಂಡೆವು. ಅಲ್ಲಿಂದ ಮಣಿಪಾಲ ಹತ್ತಿರ. ಒಂದು ಬೋಗಿಯಲ್ಲಿ ನಾಲ್ಕು ಸ್ಟ್ರೆಚರ್, ಆಕ್ಸಿಜನ್, ಒಬ್ಬ ನರ್ಸ್ ಇಟ್ಟು ಮಳೆಗಾಲದ ನಾಲ್ಕು ತಿಂಗಳು ಕಾರವಾರದಿಂದ ಉಡುಪಿಗೆ ಓಡಿಸಿದರೆ ಏನು ಕಷ್ಟ? ಅಪಘಾತ ಆದಾಗ ಕಳಿಸುವ ವೈದ್ಯಕೀಯ ವ್ಯಾನ್ ರೈಲ್ವೆಯವರ ಹತ್ತಿರ ಇದ್ದೇ ಇದೆ.

ಕಾಳಿ ಕಣಿವೆ
ಅದೇ ಜುಲೈಯಲ್ಲಿ ಪೆರ್ನೆಂ ಸುರಂಗದಲ್ಲಿ ನೀರು ಉಕ್ಕಿ ಕೊಂಕಣ ರೈಲೂ ನಿಂತಿತ್ತು. ಮರೆತಿರಾ?

ಕೊಂಕಣ ರೈಲು ಪ್ರೇಮಿ
ಮರೆತಿಲ್ಲ. ಪೆರ್ನೆಂ ಇರುವುದು ಗೋವಾದ ಉತ್ತರದ ತುದಿಯಲ್ಲಿ. ಕಾರವಾರದಿಂದ ಉಡುಪಿಗೆ ಹೋಗಲು ಆ ಸುರಂಗ ಬೇಕಿಲ್ಲ. ರೈಲೇ ಎಲ್ಲಕ್ಕೂ ಉತ್ತರ ಎಂದು ನಾನು ಹೇಳಿಲ್ಲ. ಒಂದು ದಾರಿ ಬಂದ್ ಆದರೆ ಇನ್ನೊಂದು ಇರಲಿ ಎಂದೆ.

ರಾತ್ರಿ ಪಾಳಿ
ಕೀಮೋ, ಡಯಾಲಿಸಿಸ್ ಹೀಗೆ ದಿನ ಗೊತ್ತಿರುವ ರೋಗಿಗಳಿಗೆ ರೈಲು ನಿಜವಾಗಿಯೂ ಒಳ್ಳೆಯದು. ಅವರು ರೈಲಿನಲ್ಲಿ ಹೋದರೆ ಆಂಬುಲೆನ್ಸ್ ಊರಲ್ಲೇ ಉಳಿಯುತ್ತದೆ. ಈ ಮಾತು ಯಾರೂ ಹೇಳಿದ್ದು ನಾನು ಕೇಳಿರಲಿಲ್ಲ.

ಪಂಚಾಯ್ತಿ ಕಟ್ಟೆ
2005ರ ವಿಪತ್ತು ನಿರ್ವಹಣಾ ಕಾಯಿದೆ ಪ್ರಕಾರ ಪ್ರತಿ ಜಿಲ್ಲೆಗೂ ಯೋಜನೆ ಇರಲೇಬೇಕು. ಒಟ್ಟಿಗೆ ತುಂಬಾ ಜನ ಗಾಯಗೊಂಡರೆ ಆಸ್ಪತ್ರೆ ಏನು ಮಾಡಬೇಕು ಎಂದು ರಾಷ್ಟ್ರೀಯ ಪ್ರಾಧಿಕಾರ 2007ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅಂದರೆ ಕೇಳಲು ನಮಗೆ ಹಕ್ಕಿದೆ. ನಾನು ಪಂಚಾಯ್ತಿ ಸದಸ್ಯನಾಗಿದ್ದಾಗ ಒಂದು ತಾಲೂಕಿನ ಯೋಜನೆ ನೋಡಿದ್ದೆ. ಫೋನ್ ನಂಬರಿನ ಪಟ್ಟಿ ಉದ್ದ ಇತ್ತು. ಆಂಬುಲೆನ್ಸ್ ಎಷ್ಟು, ಜೆಸಿಬಿ ಎಷ್ಟು, ದೋಣಿ ಎಷ್ಟು ಎಲ್ಲ ಇತ್ತು. ಹೆದ್ದಾರಿ ಬಂದ್ ಆದರೆ ರೋಗಿಯನ್ನು ಯಾವ ದಾರಿಯಲ್ಲಿ ಎಲ್ಲಿಗೆ ಒಯ್ಯಬೇಕು ಎಂಬ ಒಂದು ಸಾಲು ಇರಲಿಲ್ಲ. ಎರಡು ನಂಬರಿಗೆ ಫೋನ್ ಮಾಡಿ ನೋಡಿದೆ. ಒಬ್ಬರು ವರ್ಗ ಆಗಿ ಹೋಗಿದ್ದರು, ಇನ್ನೊಬ್ಬರು ನಿವೃತ್ತಿ ಆಗಿದ್ದರು.

ಗ್ರಾಮಸಭೆಯಲ್ಲಿ ಕೇಳಿ. ಬರೆದು ಕೊಡಿ, ಸುಮ್ನೆ ಬಾಯಿ ಮಾತಲ್ಲಿ ಕೇಳಿದರೆ ನಡಾವಳಿಯಲ್ಲಿ ಬರುವುದಿಲ್ಲ. ನಮ್ಮ ಊರಿನ ದಾರಿ ಬಂದ್ ಆದರೆ ಎರಡನೇ ದಾರಿ ಯಾವುದು, ಮಳೆಗಾಲದ ಮೊದಲು ಹೆಚ್ಚುವರಿ ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಅರವಳಿಕೆ ಡಾಕ್ಟರ್ ಇದ್ದಾರಾ. ಈ ಮೂರು ಸಾಕು. ಉತ್ತರ ಬರಲಿ, ಬಾರದಿರಲಿ, ದಾಖಲೆ ಉಳಿಯುತ್ತದೆ.

ಶಿರಸಿ ಅಡಿಕೆ
ಕುಮಟಾದವರೇ, ನಾನು ಸ್ವಲ್ಪ ಜೋರಾಗಿ ಮಾತಾಡಿದೆ. ಘಟ್ಟದ ಮೇಲೆ ಒಂದು, ಕೆಳಗೆ ಒಂದು, ಹೀಗೆ ಎರಡು ಕಡೆ ಆಪರೇಷನ್ ಆಗುವ ಹಾಗಿದ್ದರೆ ದೇವಿಮನೆ ಬಂದ್ ಆದರೂ ಎರಡೂ ಕಡೆಯವರು ಬದುಕುತ್ತಾರೆ. ಒಂದೇ ಕಡೆ ಎನ್ನುವುದರಲ್ಲೇ ತಪ್ಪಿದೆ.

ಕುಮಟಾ ಕೆಳಗಿನಪೇಟೆ
ಒಪ್ಪಿದೆ. ದೊಡ್ಡದು ಯಾವುದು, ಚಿಕ್ಕದು ಯಾವುದು ಎಂದು ಮತ್ತೆ ಜಗಳ ಆಡೋಣ, ಮೊದಲು ಬರಲಿ.

ಗಂಗಾವಳಿ ದಂಡೆ
ಎಲ್ಲರ ಮಾತು ಎರಡೆರಡು ಸಲ ಓದಿದೆ. ಅಪ್ಪನಿಗೂ ಓದಿ ಹೇಳಿದೆ. ಡಾಕ್ಟರ್ ಬರೆದ ಪ್ಲಾಸ್ಟರ್ ವಿಷಯ ಕೇಳಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಪಂಚಾಯ್ತಿ ಕಟ್ಟೆಯವರ ಮೂರು ಪ್ರಶ್ನೆ ಒಂದು ಹಾಳೆ ಮೇಲೆ ಬರೆದಿದ್ದೇನೆ. ನಮ್ಮ ಗ್ರಾಮಸಭೆ ಮುಂದಿನ ವಾರ. ಅಪ್ಪ ಎಡಗೈಯಲ್ಲಿ ಸಹಿ ಹಾಕಿದ್ದಾರೆ. ಉಳುವರೆ ಕಡೆಯ ನಾಲ್ಕು ಮನೆಯವರೂ ಹಾಕುತ್ತೇವೆ ಎಂದಿದ್ದಾರೆ. ಕೊಟ್ಟ ಮೇಲೆ ಏನಾಯಿತು ಎಂದು ಇಲ್ಲೇ ಬರೆಯುತ್ತೇನೆ.

ಹಿಲ್ಲೂರು ಹಾದಿ
ಚರ್ಚೆ ಮಧ್ಯೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಅರಬೈಲ್ ಘಟ್ಟ ಇವತ್ತು ತೆರೆದಿದೆಯಾ? ಅತ್ತಿಗೆಗೆ ಒಂಬತ್ತನೇ ತಿಂಗಳು, ಬಿಪಿ ಜಾಸ್ತಿ ಇದೆ. ಮಳೆ ಹೆಚ್ಚಾಗುವ ಮೊದಲೇ ಹುಬ್ಬಳ್ಳಿಯಲ್ಲಿ ನೆಂಟರ ಮನೆಯಲ್ಲಿ ಬಿಟ್ಟು ಬರೋಣ ಎಂದುಕೊಂಡಿದ್ದೇವೆ. ರಾತ್ರಿ ಹೊರಡಬಹುದಾ?

ಅರಬೈಲ್ ತಿರುವು
ತೆರೆದಿದೆ. ಒಂದು ಕಡೆ ಮಣ್ಣು ಬಿದ್ದು ಒಂದೇ ಸಾಲಿನಲ್ಲಿ ಗಾಡಿ ಬಿಡುತ್ತಿದ್ದಾರೆ. ರಾತ್ರಿ ಬೇಡ. ಬೆಳಕು ಹರಿದ ಮೇಲೆ ಹೊರಡಿ, ಬಿಪಿ ಮಾತ್ರೆ, ತಾಯಿ ಕಾರ್ಡ್ ಕೈಯಲ್ಲೇ ಇಟ್ಟುಕೊಳ್ಳಿ. ಯಲ್ಲಾಪುರ ಮುಟ್ಟಿದ ಮೇಲೆ ಇಲ್ಲೊಂದು ಸಾಲು ಬರೆಯಿರಿ. ನಮ್ಮ ಮನೆ ಹೆದ್ದಾರಿ ಪಕ್ಕದಲ್ಲೇ ಇದೆ, ಏನಾದರೂ ಬೇಕಾದರೆ ಬರುತ್ತೇನೆ.

ಹಿಲ್ಲೂರು ಹಾದಿ
ಆಯಿತು. ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ.